ಒರೆಸಿ ಹಾಕಿದ ಚುಕ್ಕೆಗಳು

ಗಾಯ ತೊಳೆಯುವುದರಲ್ಲಿ ನನಗೆ ಹೆಸರಿತ್ತು. ಸಕಲೇಶಪುರದ ಕಡೆಯ ನಮ್ಮ ಸಣ್ಣ ಆಸ್ಪತ್ರೆಗೆ ಕತ್ತಿ ತಾಗಿದವರು, ಬೈಕಿನಿಂದ ಬಿದ್ದವರು, ಕಾಡುಹಂದಿ ಹಾಯ್ದವರು ಬರುತ್ತಲೇ ಇರುತ್ತಾರೆ. "ಆ ಸಿಸ್ಟರ್ ಕೈಲಿ ತೊಳಿಸ್ಕಂಡ್ರೆ ಗಾಯ ಕನ್ನಡಿ ಆಗ್ಬುಡ್ತದೆ" ಎಂದು ಎಸ್ಟೇಟಿನ ಕೂಲಿಯವರ ಮನೆಸಾಲುಗಳಲ್ಲಿ, ಲೈನುಗಳಲ್ಲಿ, ಮಾತಿತ್ತು. ಡಾಕ್ಟರ್ ರೌಂಡ್ಸಿಗೆ ಬರುವ ಮೊದಲೇ ಎಲ್ಲರ ಪಟ್ಟಿ ಬಿಚ್ಚಿ, ಗಾಯ ತೊಳೆದು, ಕೆಂಪಗೆ ಹೊಳೆಯುವಂತೆ ಮಾಡಿ, ಮೇಲೊಂದು ಒದ್ದೆ ಗಾಜ್ ಬಟ್ಟೆ ಮುಚ್ಚಿಡುವುದು ನನ್ನ ಪದ್ಧತಿ. ಡಾಕ್ಟರು ಬಟ್ಟೆ ಎತ್ತಿದರೆ ಒಂದು ಚೂರು ಕೀವೂ ಕಾಣಬಾರದು. ನೆಂಟರು ಬರುವ ಮೊದಲು ಅಡುಗೆಮನೆ ಸಾರಿಸಿಡುವ ಹೆಂಗಸಿನ ಜಂಬ ಅದು. ಆ ಜಂಬ ಒಬ್ಬನ ಕಾಲಿಗೆ ಏನು ಮಾಡಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾಳುಮೆಣಸಿನ ಕೊಯ್ಲು ಜೋರಾಗಿದ್ದ ದಿನಗಳು. ಹಾನುಬಾಳಿನ ಆಚೆಯ ಒಂದು ಎಸ್ಟೇಟಿನಿಂದ ಮಧ್ಯಾಹ್ನದ ಹೊತ್ತಿಗೆ ಜೀಪಿನಲ್ಲಿ ಒಬ್ಬನನ್ನು ಕರೆತಂದರು. ಮೂವತ್ತೈದರ ಆಸುಪಾಸು, ತೆಳ್ಳಗೆ, ಎತ್ತರ. ನಮ್ಮ ಕಡೆ ಮೆಣಸಿನ ಬಳ್ಳಿ ಸಿಲ್ವರ್ ಮರಕ್ಕೆ ಹಬ್ಬಿ ನಲವತ್ತು ಅಡಿ ಮೇಲೆ ಹೋಗಿರುತ್ತದೆ. ಅದಕ್ಕೆ ಒಂಟಿ ಬಿದಿರಿನ ಏಣಿ ಒರಗಿಸಿ, ಪಾದ ಮಡಚಿ, ಬೆರಳಿನಿಂದ ಮೆಟ್ಟಿಲನ್ನು ಹಿಡಿದು ಹತ್ತಬೇಕು. ತುದಿಯವರೆಗೆ ಹತ್ತಬಲ್ಲವರು ಒಂದು ಎಸ್ಟೇಟಿಗೆ ಮೂವರೋ ನಾಲ್ವರೋ ಅಷ್ಟೇ. ಇವನು ಅಂಥವರಲ್ಲಿ ಒಬ್ಬ. ಹೆಸರು ಬೇಡ, ಏಣಿಯವನು ಎನ್ನುತ್ತೇನೆ.

ಕೊಯ್ದ ಮೆಣಸನ್ನು ಕಣದಲ್ಲಿ ಹರಡುವ ಮೊದಲು ಕುದಿಯುವ ನೀರಿಗೆ ಒಂದು ನಿಮಿಷ ಅದ್ದಿ ತೆಗೆಯುತ್ತಾರೆ. ಬೇಗ ಒಣಗುತ್ತದೆ, ಬಣ್ಣವೂ ಚೆನ್ನಾಗಿ ಬರುತ್ತದೆ. ಆವತ್ತು ಬುಟ್ಟಿ ಎತ್ತುವಾಗ ಹಂಡೆಯ ಕೆಳಗಿನ ಕಲ್ಲು ಜಾರಿ, ನೀರು ಅವನ ಬಲಗಾಲಿನ ಮೇಲೆ ಮಗುಚಿಕೊಂಡಿತು. ಮೊಣಕಾಲಿನ ಕೆಳಗೆ, ಕಣಕಾಲಿನ ಮೇಲೆ ಬಿದ್ದ ನೀರು ಹರಿದುಹೋಯಿತು. ಆದರೆ ಅವನು ಹಳೆಯ ಗಂಬೂಟಿನ ಕತ್ತು ಕತ್ತರಿಸಿ ಗಿಡ್ಡ ಮಾಡಿಕೊಂಡು ಹಾಕಿದ್ದ. ಆ ಬೂಟಿನೊಳಗೆ ಇಳಿದ ನೀರು ಅಲ್ಲೇ ನಿಂತಿತು. ಬೂಟನ್ನು ಕಳಚಲು ಇಬ್ಬರು ಹಿಡಿದು ಎಳೆಯಬೇಕಾಯಿತಂತೆ.

ನಮ್ಮಲ್ಲಿಗೆ ಬಂದಾಗ ಕಾಲು ಬೆಳ್ಳಗಿತ್ತು. ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರು ಎರಡು ಟ್ಯೂಬ್ ಟೂತ್‌ಪೇಸ್ಟ್ ಹಿಂಡಿ ಬಳಿದುಬಿಟ್ಟಿದ್ದರು.

"ತಂಪಾಗ್ಲಿ ಅಂತ ಹಚ್ಚಿದ್ದು ಸಿಸ್ಟ್ರೇ," ಎಂದರು ಜೀಪಿನಲ್ಲಿ ಜೊತೆಗೆ ಬಂದಿದ್ದ ಅವರು.

"ಯಾಕೆ, ಕಾಲಿಗೇನು ಹಲ್ಲು ಬಂದಿದ್ವಾ?" ಎಂದೆ. ನೋವಿನಲ್ಲೂ ಏಣಿಯವನು ಒಂದು ಸಲ ನಕ್ಕ.

ಆ ಪೇಸ್ಟನ್ನು ತೆಗೆಯುವುದೇ ಮೊದಲ ಕೆಲಸವಾಯಿತು. ಡ್ರಿಪ್ ಹಾಕಿ, ನೋವಿನ ಇಂಜೆಕ್ಷನ್ ಕೊಟ್ಟು, ಮುಕ್ಕಾಲು ಗಂಟೆ ನೀರು ಬಿಟ್ಟು ಒರೆಸಿದೆ. ಹರಿದ ಗುಳ್ಳೆಗಳ ಸಿಪ್ಪೆ ಕತ್ತರಿಸಿದೆ. ಆಗ ತಿಕ್ಕಿದ್ದು ಸರಿಯೇ. ಡಾಕ್ಟರ್ ಮೇಡಂ ಬಂದು ನೋಡಿದರು. ಮೂವತ್ತು ದಾಟದ ಹುಡುಗಿ, ನಮ್ಮಲ್ಲಿಗೆ ಬಂದು ಒಂದು ವರ್ಷವಾಗಿತ್ತು. ಸುಟ್ಟಿದ್ದು ಒಂದೇ ಕಾಲು, ಇಲ್ಲೇ ನೋಡಿಕೊಳ್ಳಬಹುದು ಎಂದರು. ಬಾಳ್ಳುಪೇಟೆಯ ತವರಿನಿಂದ ಬಸ್ಸು ಹತ್ತಿ ಸಂಜೆ ಬಂದ ಅವನ ಹೆಂಡತಿ, ಜೀವಕ್ಕೆ ಅಪಾಯ ಇಲ್ಲ ಎಂದು ತಿಳಿದ ಕೂಡಲೇ ಕೇಳಿದ್ದು ಒಂದೇ ಮಾತು.

"ಏಣಿ ಹತ್ತಾಕೆ ಆಗ್ತದಾ ಮೇಡಂ?"

ಮೇಡಂ ಅಡ್ಡಗೋಡೆಯ ಮೇಲೆ ದೀಪ ಇಡುವವರಲ್ಲ. "ಮೂರು ವಾರದ ಒಳಗೆ ಹೊಸ ಚರ್ಮ ಬಂದ್ರೆ ಕಲೆ ಮೆತ್ತಗಿರುತ್ತೆ. ತಡ ಆದಷ್ಟೂ ಕಲೆ ದಪ್ಪ ಆಗಿ ಬಿಗಿಯುತ್ತೆ. ಪಾದ ಮಡಚೋ ಜಾಗ ಇದ್ಯಲ್ಲ, ಈ ಹರಡು, ಇಲ್ಲಿ ಬಿಗಿದ್ರೆ ನಡೆಯೋಕೆ ತೊಂದರೆ ಇಲ್ಲ. ಏಣಿ ಮಾತ್ರ ಕಷ್ಟ."

ದಿನವೂ ಬೆಳಿಗ್ಗೆ ಎಂಟಕ್ಕೆ ಅವನ ಪಟ್ಟಿ ಬಿಚ್ಚುತ್ತಿದ್ದೆ. ಸುಟ್ಟ ಗಾಯಕ್ಕೆ ಹಚ್ಚುವ ಬಿಳಿ ಬೆಳ್ಳಿ ಮುಲಾಮು ಒಂದು ರಾತ್ರಿ ಕಳೆದರೆ ಹಳದಿ ಮಿಶ್ರಿತ ಬಿಳಿ ಪೊರೆಯಾಗಿ ಗಾಯಕ್ಕೆ ಅಂಟಿಕೊಂಡಿರುತ್ತದೆ. ಕೀವಿನ ಹಾಗೇ ಕಾಣುತ್ತದೆ. ಅದನ್ನು ಪೂರ್ತಿ ತೆಗೆಯದೆ ಹೊಸ ಮುಲಾಮು ಹಚ್ಚಬಾರದು ಎಂದು ನಮಗೆ ಕಲಿಸಿದ್ದರು. ಗಾಜ್ ಬಟ್ಟೆಯನ್ನು ಉಂಡೆ ಮಾಡಿ, ಔಷಧದ ನೀರಿನಲ್ಲಿ ಅದ್ದಿ, ಮೇಲಿನಿಂದ ಕೆಳಕ್ಕೆ ತಿಕ್ಕುತ್ತಿದ್ದೆ. ಅವನು ಮಂಚದ ಸರಳು ಹಿಡಿದು ಹಲ್ಲು ಕಚ್ಚುತ್ತಿದ್ದ. ಅವನ ಹೆಂಡತಿ ಪಕ್ಕದಲ್ಲಿ ನಿಂತು, ನಾನು ಬಿಟ್ಟ ಜಾಗವನ್ನು ತೋರಿಸುತ್ತಿದ್ದಳು: "ಅಲ್ಲೊಂಚೂರು ಬೆಳ್ಳಗೈತೆ ನೋಡಿ ಸಿಸ್ಟ್ರೇ." ನಾನು ಅದನ್ನೂ ಒರೆಸುತ್ತಿದ್ದೆ. ನನ್ನ ಕೈಕೆಳಗೆ ಅವಳೂ ಅರ್ಧ ನರ್ಸಾಗಿದ್ದಳು.

ಒಂಬತ್ತನೆಯ ದಿನವೋ ಹತ್ತನೆಯ ದಿನವೋ ಇರಬೇಕು, ಕಣಕಾಲಿನ ಮೇಲೆ ಸಾಸಿವೆಯಷ್ಟು ಸಣ್ಣ ಬಿಳಿ ಚುಕ್ಕೆಗಳು ಕಂಡವು. ಅಲ್ಲೊಂದು ಇಲ್ಲೊಂದು. ಮುಲಾಮಿನ ಉಳಿಕೆ ಎಂದುಕೊಂಡೆ. ಒರೆಸಿದರೆ ಸುಲಭಕ್ಕೆ ಬರಲಿಲ್ಲ. ಎರಡು ಸಲ ತಿಕ್ಕಿದಾಗ ಬಂದವು, ಆ ಜಾಗದಲ್ಲಿ ಸೂಜಿ ಚುಚ್ಚಿದಷ್ಟು ರಕ್ತವೂ ಬಂತು. ಮರುದಿನ ಮತ್ತೆ ಅವೇ ಚುಕ್ಕೆ. ಹಠಮಾರಿ ಕೀವು ಎಂದು ಬೈದುಕೊಂಡು ಮತ್ತೆ ತೆಗೆದೆ. ಮೂರನೆಯ ದಿನವೂ ಹಾಗೇ. ಒಂಬತ್ತೂವರೆಗೆ ಮೇಡಂ ರೌಂಡ್ಸಿಗೆ ಬರುವ ಹೊತ್ತಿಗೆ ಕಾಲು ಒಂದೇ ಸಮ ಕೆಂಪಗೆ, ನನ್ನ ಹೆಸರಿಗೆ ತಕ್ಕ ಹಾಗೆ ಇರುತ್ತಿತ್ತು.

ಹದಿನಾಲ್ಕನೆಯ ದಿನ ಮೇಡಂ ಆ ಕೆಂಪನ್ನು ಬಹಳ ಹೊತ್ತು ನೋಡಿದರು. ಅವರ ಮುಖ ಸಣ್ಣದಾಯಿತು.

"ಇಷ್ಟು ಹೊತ್ತಿಗೆ ಮಧ್ಯದಲ್ಲಿ ಬಿಳಿ ಚುಕ್ಕೆ ಚುಕ್ಕೆಯಾಗಿ ಹೊಸ ಚರ್ಮ ಏಳಬೇಕಿತ್ತು ಸಿಸ್ಟರ್. ಒಂದೂ ಇಲ್ಲ. ಕೂದಲಿನ ಬುಡದವರೆಗೂ ಸುಟ್ಟಿದೆ ಅನ್ಸುತ್ತೆ. ತಾನಾಗಿ ಬರಲ್ಲ. ಹಾಸನಕ್ಕೆ ಕಳಿಸಿ ಪೂರ್ತಿ ಕಾಲಿಗೆ ಚರ್ಮ ಕಸಿ ಮಾಡಿಸೋಣ."

ದಿನಾ ನಾನು ತಿಕ್ಕಿ ತೆಗೆದಿದ್ದು ಅವೇ ಚುಕ್ಕೆಗಳನ್ನು. ಆ ಕ್ಷಣವೇ ಹೇಳಬೇಕಿತ್ತು. ಹೇಳಲಿಲ್ಲ. ಇಪ್ಪತ್ತೈದು ವರ್ಷದ ಹೆಸರು ನಾಲಿಗೆಯ ಮೇಲೆ ಕುಳಿತಿತ್ತು. ಮೇಡಂ ಪತ್ರ ಬರೆದರು, ಒಂದು ದಿನ ಬಿಟ್ಟು ಹೋಗಲಿ ಎಂದು ಆಂಬುಲೆನ್ಸಿಗೆ ಹೇಳಿದರು. ಏಣಿಯವನ ಹೆಂಡತಿ ತಟ್ಟೆ, ಲೋಟ, ಬಟ್ಟೆ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿದಳು. ತೊಡೆಯ ಚರ್ಮ ಸುಲಿಯುತ್ತಾರೆ ಎಂದು ಯಾರೋ ಅವಳಿಗೆ ಹೇಳಿದ್ದರು. ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ.

ಮರುದಿನ ಬೆಳಿಗ್ಗೆ ಎಂಟಕ್ಕೆ ಪಟ್ಟಿ ಬಿಚ್ಚುವಾಗ ಉಂಡೆ ಎತ್ತಿಕೊಳ್ಳಲಿಲ್ಲ. ಬೆಚ್ಚಗಿನ ಉಪ್ಪುನೀರನ್ನು ಸಿರಿಂಜಿನಲ್ಲಿ ತೆಗೆದುಕೊಂಡು ಒಂದೇ ಸಮನೆ ಬಿಡುತ್ತಾ ಹೋದೆ. ಪೊರೆ ತಾನಾಗಿ ಸಡಿಲವಾಗಿ ಜಾರಿತು. ಚುಕ್ಕೆಗಳು ಜಾರಲಿಲ್ಲ. ಟಾರ್ಚ್ ಹಿಡಿದು, ಔಷಧದ ಚೀಟಿ ಓದಲು ಇಟ್ಟುಕೊಂಡಿದ್ದ ಭೂತಗನ್ನಡಿಯಲ್ಲಿ ನೋಡಿದೆ. ಬಿಳಿಯಲ್ಲ, ಮುತ್ತಿನಂಥ ಬೂದು ಬಣ್ಣ. ಎಷ್ಟೋ ಚುಕ್ಕೆಗಳ ನಡುವೆ ಒಂದು ಕಪ್ಪು ಬಿಂದು, ಮುರಿದ ಕೂದಲಿನ ಬುಡ. ಮೀನಖಂಡದ ಕಡೆಗೂ ಇದ್ದವು. ಎಣಿಸಲು ಹೋಗಿ ಬಿಟ್ಟೆ.

ಮೇಡಂಗೆ ಫೋನ್ ಮಾಡಿದೆ. "ರೌಂಡ್ಸ್ ಕಾಯಬೇಡಿ, ಈಗಲೇ ಬನ್ನಿ. ಇವತ್ತು ನಾನು ಒರೆಸಿಲ್ಲ."

ಬಂದರು, ಬಗ್ಗಿ ನೋಡಿದರು, ನೆಟ್ಟಗಾದರು. ಡ್ರೆಸ್ಸಿಂಗ್ ಕೋಣೆಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ.

"ಎಷ್ಟು ದಿನ ಒರೆಸಿದ್ರಿ ಸಿಸ್ಟರ್?"

"ಐದು ದಿನ ಮೇಡಂ. ಆರೂ ಇರಬಹುದು."

ಅವರು ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು. "ನಾನೂ ಒಂದು ದಿನವಾದ್ರೂ ತೊಳೆಯೋಕೆ ಮುಂಚೆ ಬಂದು ನೋಡ್ಲಿಲ್ವಲ್ಲ," ಎಂದಷ್ಟೇ ಹೇಳಿ ಒಂದು ಹಾಳೆ ಎಳೆದುಕೊಂಡು ಚಿತ್ರ ಬರೆದರು. ಚರ್ಮದೊಳಗೆ ಇಳಿದ ಕೂದಲಿನ ಬೇರು. ಆ ಬೇರಿನ ಮಗ್ಗುಲಲ್ಲಿ ಒಂದು ಸಣ್ಣ ಉಬ್ಬು. ಅಲ್ಲಿ ಕೆಲವು ಕೋಶಗಳು ಸುಮ್ಮನೆ ಕೂತಿರುತ್ತವೆ, ಸ್ಟೆಮ್ ಸೆಲ್ ಎನ್ನುತ್ತಾರೆ, ಮೂಲಕೋಶ. ಮಾಮೂಲಿ ದಿನಗಳಲ್ಲಿ ಅವುಗಳ ಕೆಲಸ ಉದುರಿದ ಕೂದಲಿನ ಜಾಗದಲ್ಲಿ ಇನ್ನೊಂದನ್ನು ಬೆಳೆಸುವುದು. ಮೇಲಿನ ಚರ್ಮ ಸುಟ್ಟುಹೋದರೆ ಕೂದಲಿನ ಕೆಲಸ ಬಿಟ್ಟು, ಬೇರಿನ ಗುಂಟ ಹತ್ತಿ ಮೇಲೆ ಬಂದು, ಸುತ್ತಲೂ ಹರಡಿ ಚರ್ಮವಾಗುತ್ತವೆ. ಗಾಯದ ಅಂಚಿನಿಂದಲೂ ಅಂಥವೇ ಕೋಶಗಳು ಒಳಕ್ಕೆ ಸರಿಯುತ್ತವೆ. ಆದರೆ ಅಂಚಿನಿಂದ ಬರುವುದು ದಿನಕ್ಕೆ ಅಕ್ಕಿಕಾಳಿನ ದಪ್ಪದಷ್ಟೂ ಇಲ್ಲ. ಇಷ್ಟು ದೊಡ್ಡ ಗಾಯಕ್ಕೆ ಅಷ್ಟನ್ನೇ ನಂಬಿದರೆ ತಿಂಗಳುಗಟ್ಟಲೆ ಬೇಕು. ನಡುವೆ ಎದ್ದ ಚುಕ್ಕೆಗಳು ಒಂದನ್ನೊಂದು ಮುಟ್ಟಿದರೆ ಮಾತ್ರ ಬೇಗ ಮುಚ್ಚುತ್ತದೆ.

"ತಿಕ್ಕಿದಾಗ ಮೇಲೆ ಬಂದವು ಹೋದವು. ಬುಡದಲ್ಲಿ ಇನ್ನೂ ಉಳಿದಿವೆ, ಅದಕ್ಕೇ ಮತ್ತೆ ಮತ್ತೆ ಬಂದಿವೆ," ಎಂದರು. "ಆದ್ರೆ ದಿನ ಹೋಯ್ತು."

ಹಾಸನದ ಸರ್ಜನ್‌ಗೆ ಫೋಟೋ ಕಳಿಸಿ ಮಾತಾಡಿದರು. ಈಗಲೇ ಕಸಿ ಮಾಡಿದರೆ ಅವನ ತೊಡೆಯಿಂದ ದೊಡ್ಡ ಹಾಳೆಯಷ್ಟು ಚರ್ಮ ತೆಗೆಯಬೇಕು. ಕಾದರೆ ಕಣಕಾಲಿನ ಚರ್ಮ ತಾನಾಗಿ ಬರಬಹುದು. ಬರದಿದ್ದರೆ ಮೂರು ವಾರ ದಾಟಿ, ಕಲೆ ಬಿಗಿದು, ಅವನ ಏಣಿ ಶಾಶ್ವತವಾಗಿ ಹೋಗಬಹುದು. ಹತ್ತು ದಿನ ನೋಡಿ ಎಂದರು ಸರ್ಜನ್. ಏಣಿಯವನಿಗೂ ಎರಡೂ ದಾರಿ ವಿವರಿಸಿದರು ಮೇಡಂ. ಅವನು ಕಾಯುತ್ತೇನೆ ಎಂದ. ಆಂಬುಲೆನ್ಸ್ ಬೇಡ ಎಂದಾಯಿತು.

ಮೇಡಂ ನನ್ನ ಕಡೆ ತಿರುಗಿದರು. "ಕಾಯೋದು ಅಂದ್ರೆ ನೀವು ಕೈ ಕಟ್ಟಿ ಕೂರಬೇಕು. ಆಗುತ್ತಾ ಸಿಸ್ಟರ್?"

"ಆಗುತ್ತೆ ಮೇಡಂ."

ಹೇಳಿದ್ದು ಸುಲಭ. ಮುಲಾಮು ನಿಲ್ಲಿಸಿದೆವು, ಕಟುವಾದ ಔಷಧದ ನೀರು ನಿಲ್ಲಿಸಿದೆವು. ಮೇಣದಂಥ ಪ್ಯಾರಫಿನ್ ಹಚ್ಚಿದ ಜಾಳಿಗೆ ಬಟ್ಟೆಯನ್ನು ಗಾಯದ ಮೇಲೆ ಹಾಸಿ, ಅದನ್ನು ಮೂರು ದಿನ ಕದಲಿಸಬಾರದು. ಮೇಲಿನ ಪ್ಯಾಡ್ ಮಾತ್ರ ಬದಲಿಸಬೇಕು. ಗಾಯ ಒಣಗಲೂಬಾರದು, ಒಣಗಿದರೆ ಆ ಕೋಶಗಳು ಸರಿಯಲಾರವು. ಬೆಳಿಗ್ಗೆ ಎಂಟಾದರೆ ನನ್ನ ಕೈ ತಾನಾಗಿ ಉಂಡೆ ಹುಡುಕುತ್ತಿತ್ತು. ಪ್ಯಾಡ್ ಬದಲಿಸುವುದು ಐದು ನಿಮಿಷದ ಕೆಲಸ. ಉಳಿದ ಹೊತ್ತಿನಲ್ಲಿ ಸುಮ್ಮಸುಮ್ಮನೆ ಟ್ರೇ ತೊಳೆದೆ.

ಮೂರನೆಯ ದಿನ ಜಾಳಿಗೆ ಎತ್ತುವ ಸಮಯಕ್ಕೆ ಕಣಕಾಲಿನ ಕೆಳಭಾಗದ ಪಟ್ಟಿ ಸಡಿಲವಾಗಿತ್ತು. ಬಿಚ್ಚಿ ನೋಡಿದರೆ ಅಂಗೈಯಗಲ ಜಾಗ ಒಂದೇ ಸಮ ಕೆಂಪಗೆ ಹೊಳೆಯುತ್ತಿದೆ. ನನ್ನ ಕೈಯ ಕೆಲಸದ ಹಾಗೇ ಇತ್ತು. ಚುಕ್ಕೆ ಒಂದೂ ಇಲ್ಲ.

"ಯಾರು ಮುಟ್ಟಿದ್ದು ಇದನ್ನ?"

ಹೆಂಡತಿ ಸೆರಗಿನ ತುದಿ ಹಿಡಿದು ಮುಂದೆ ಬಂದಳು. "ನಾನೇ ಸಿಸ್ಟ್ರೇ. ಮೂರು ದಿನದಿಂದ ನೀವು ತೊಳೀತಾನೇ ಇಲ್ವಲ್ಲ. ನಮ್ ಮ್ಯಾಲೆ ಏನೋ ಕ್ವಾಪ ಇರ್ಬೇಕು ಅನ್ಕಂಡೆ. ಬೆಳ್ಳಗೆ ಕೀವು ಕಾಣ್ತಿತ್ತು. ಬಿಸಿನೀರಲ್ಲಿ ಬಟ್ಟೆ ಅದ್ದಿ ಒಂಚೂರು ಒರೆಸ್ದೆ."

ನನಗೆ ನೆತ್ತಿಗೇರಿತು. "ಬುದ್ಧಿ ಇದ್ಯಾ ನಿನಗೆ? ಕೇಳ್ದೆ ಯಾಕೆ ಮುಟ್ಟಿದೆ?" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿದೆ.

ಅವಳು ಹೆದರಲಿಲ್ಲ. "ನೀವೇ ಹಂಗೆ ಮಾಡ್ತಿದ್ರಲ್ಲ. ನಿಮ್ಮನ್ನ ನೋಡೇ ಕಲ್ತಿದ್ದು."

ಮುಖಕ್ಕೆ ಹೊಡೆದ ಹಾಗಾಯಿತು. ವಾರ್ಡಿನಲ್ಲಿ ಉಳಿದ ನಾಲ್ಕು ಮಂಚದವರೂ ನನ್ನನ್ನೇ ನೋಡುತ್ತಿದ್ದರು. ಮೇಡಂಗೆ ಹೇಳಿದ್ದೆ, ಇವರಿಗೆ ಹೇಳಿರಲಿಲ್ಲ. ಚಿಕಿತ್ಸೆ ಬದಲಾಯಿತು ಎಂದಷ್ಟೇ ಹೇಳಿ ಜಾರಿಕೊಂಡಿದ್ದೆ. ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೇ ಅವಳು ಬಟ್ಟೆ ಅದ್ದಿದ್ದು. ಸ್ಟೂಲ್ ಎಳೆದುಕೊಂಡು ಅವನ ಮಂಚದ ಪಕ್ಕ ಕೂತೆ.

"ಆ ಬಿಳಿ ಚುಕ್ಕೆ ಕೀವಲ್ಲ. ನಿನ್ನ ಹೊಸ ಚರ್ಮ. ಅದನ್ನ ನಾನು ಐದಾರು ದಿನ ತಿಕ್ಕಿ ತೆಗೆದಿದ್ದೀನಿ. ಗೊತ್ತಿಲ್ದೆ ಮಾಡ್ದೆ. ತಪ್ಪು ನಂದು, ನಿನ್ ಹೆಂಡ್ತಿದಲ್ಲ."

ಅವನು ಕಾಲಿನ ಕಡೆ ನೋಡಿದ. "ಅಷ್ಟು ನೋವು ತಿಂದಿದ್ದು ಸುಮ್ಕೆನಾ ಅಂಗಾರೆ?" ಎಂದ. ಆಮೇಲೆ, "ಓಗ್ಲಿ ಬುಡಿ. ಈಗ ಬರ್ತೈತಾ ಅದ್ನ ಹೇಳಿ."

"ಬರುತ್ತೆ ಅನ್ಕೊಂಡಿದ್ದೀನಿ. ಖಾತ್ರಿ ಇಲ್ಲ."

ಹೆಂಡತಿ ಆಮೇಲೆ ಕೆಲವು ದಿನ ನನ್ನ ಜೊತೆ ಮಾತಾಡಲಿಲ್ಲ. ಅದು ನ್ಯಾಯವೇ.

ಗಾಯದ ಮೇಲೆ ಬರೆ ಎಳೆದಂತೆ, ಅವಳು ಒರೆಸಿದ ಜಾಗದಲ್ಲಿ ಪ್ಯಾಡಿಗೆ ಹಸಿರು ಬಣ್ಣ ಹತ್ತತೊಡಗಿತು. ಸಿಹಿ ಸಿಹಿ ಕೊಳೆತ ವಾಸನೆ. ನಮಗೆಲ್ಲ ಗೊತ್ತಿರುವ ಕೆಟ್ಟ ಸೋಂಕು ಅದು, ಹೊಸ ಚರ್ಮವನ್ನು ತಿಂದುಹಾಕುತ್ತದೆ. ನನ್ನ ಹಳೆಯ ಬುದ್ಧಿ ತಕ್ಷಣ ಎದ್ದು ಕೂತಿತು: ನೋಡು, ತಿಕ್ಕದೆ ಬಿಟ್ಟರೆ ಹೀಗೇ. ಮೇಡಂ ಕೂಡ ಆವತ್ತು ಸ್ವಲ್ಪ ಅಳುಕಿದರು. ಆಮೇಲೆ ವಿನಿಗರನ್ನು ಚೆನ್ನಾಗಿ ತೆಳುಮಾಡಿ, ಗಾಜ್ ಬಟ್ಟೆ ಅದರಲ್ಲಿ ಅದ್ದಿ, ಆ ಜಾಗಕ್ಕೆ ಮಾತ್ರ ದಿನಕ್ಕೆ ಎರಡು ಹೊತ್ತು ಹತ್ತು ಹತ್ತು ನಿಮಿಷ ಇಡಲು ಹೇಳಿದರು. ಇಡುವುದು, ಎತ್ತುವುದು, ಉಪ್ಪುನೀರು ಬಿಡುವುದು. ಒರೆಸುವ ಹಾಗಿಲ್ಲ. ನಾಲ್ಕನೆಯ ದಿನ ಪ್ಯಾಡ್ ಹಸಿರಿಲ್ಲದೆ ಬಂತು. ನಾನು ಅದನ್ನು ಮೂಸಿ ನೋಡಿ, ಮೇಡಂ ಮೂಗಿಗೂ ಹಿಡಿದೆ. ಅವರು ನಕ್ಕುಬಿಟ್ಟರು.

ಅಷ್ಟರಲ್ಲಿ ಕಣಕಾಲಿನ ಮೇಲ್ಭಾಗದ ಚುಕ್ಕೆಗಳು ಹೆಸರುಕಾಳಿನಷ್ಟಾಗಿ, ಆಮೇಲೆ ಬಟನ್ನಿನಷ್ಟಾಗಿ, ಒಂದಕ್ಕೊಂದು ಅಂಟತೊಡಗಿದ್ದವು. ತೆಳ್ಳಗೆ, ಗುಲಾಬಿ, ಉಸಿರು ತಾಗಿದರೆ ಹರಿಯುತ್ತದೇನೋ ಎನ್ನುವ ಹಾಗೆ. ಸುಡದ ಎಡಗಾಲನ್ನು ನೋಡಿದರೇ ಗೊತ್ತಾಗುತ್ತಿತ್ತು, ಅವನ ಕಾಲಿನ ತುಂಬ ಒತ್ತಾದ ಕೂದಲು. ಬೇರು ಹೆಚ್ಚಿದ್ದಷ್ಟೂ ಚುಕ್ಕೆ ಹೆಚ್ಚು ಎಂದು ಮೇಡಂ ಹೆಂಡತಿಗೆ ವಿವರಿಸಿದರು. ಅವಳು ಅಷ್ಟು ದಿನದ ಮೌನ ಮುರಿದಿದ್ದು ಆಗಲೇ.

"ಮದುವೆ ಆದಾಗ ನಮ್ಮಕ್ಕದೀರೆಲ್ಲ ಕರಡಿ ಕಾಲು ಅಂತ ಆಡ್ಕತಿದ್ರು ಕಣ್ರೀ. ಈಗ್ಲಾದ್ರೂ ಉಪ್ಯೋಗಕ್ಕೆ ಬಂತಲ್ಲ ಮಾರಾಯ!"

ಇಪ್ಪತ್ತಾರನೆಯ ದಿನದ ಹೊತ್ತಿಗೆ ಕಣಕಾಲು, ಮೀನಖಂಡ ಪೂರ್ತಿ ಮುಚ್ಚಿತ್ತು. ಹರಡು ಮಾತ್ರ ಮುಚ್ಚಲಿಲ್ಲ. ಬೂಟಿನೊಳಗೆ ನೀರು ನಿಂತಿದ್ದ ಜಾಗದಲ್ಲಿ, ಪಾದದ ಮಡಿಕೆಯ ಮುಂದೆ, ನಾಲ್ಕು ಬೆರಳಗಲ ಕೆಂಪು ಉಳಿಯಿತು. ಅಲ್ಲಿ ಬೇರೇ ಬೆಂದುಹೋಗಿತ್ತು. ಅಂಚಿನಲ್ಲಿ ಮಾತ್ರ ಒಂದೆರಡು ಚುಕ್ಕೆ. ಅವನನ್ನು ಹಾಸನಕ್ಕೆ ಕಳಿಸಿದೆವು. ದೊಡ್ಡ ಹಾಳೆ ಬೇಕಾಗಲಿಲ್ಲ, ತೊಡೆಯಿಂದ ಸಣ್ಣ ತುಂಡೊಂದನ್ನು ತೆಗೆದು ಹರಡಿಗೆ ಹಾಕಿದರು. ಹತ್ತು ದಿನಕ್ಕೆ ನಮ್ಮಲ್ಲಿಗೆ ವಾಪಸು ಬಂದ. ತೊಡೆಯಲ್ಲಿ ಚರ್ಮ ತೆಗೆದ ಜಾಗದಲ್ಲೂ ಅವೇ ಬೂದು ಚುಕ್ಕೆಗಳು ಎದ್ದಿದ್ದವು. ನಾನು ಉಪ್ಪುನೀರು ಬಿಟ್ಟು, ಜಾಳಿಗೆ ಮುಚ್ಚಿ, ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆ.

ಕಸಿ ಹಿಡಿಯಿತು. ಆದರೆ ಅದರ ಸುತ್ತ, ತಡವಾಗಿ ಮುಚ್ಚಿದ ಕಡೆ, ಹಗ್ಗದ ಹಾಗೆ ದಪ್ಪ ಕಲೆ ಬೆಳೆಯಿತು. ಪಾದವನ್ನು ಮೇಲಕ್ಕೆ ಎತ್ತಿದರೆ ಅರ್ಧಕ್ಕೆ ನಿಲ್ಲುತ್ತಿತ್ತು. ಇನ್ನು ದಿನಾ ಎಣ್ಣೆ ಹಚ್ಚಿ ಒತ್ತಿ ಒತ್ತಿ ತಿಕ್ಕಬೇಕು, ಪಾದ ಮಡಚಿ ಬಿಡಿಸಬೇಕು, ಆಗ ಕಲೆ ಸಡಿಲವಾಗುತ್ತದೆ ಎಂದು ಹೇಳಿಕೊಟ್ಟೆ.

"ತಿಕ್ಕೋದಾ? ಕೊಡಿ, ನಾನೇ ತಿಕ್ಕತೀನಿ. ನಿಮ್ ಕೈ ಗೊತ್ತೈತೆ," ಎಂದ ಏಣಿಯವನು. ಹೆಂಡತಿ ಬಾಯಿಗೆ ಸೆರಗು ಅಡ್ಡ ಇಟ್ಟು ನಕ್ಕಳು. ನನಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಆಮೇಲಿನಿಂದ ನಮ್ಮ ವಾರ್ಡಿನಲ್ಲಿ ಮೇಡಂ ಎಂಟಕ್ಕೇ ಬರುತ್ತಾರೆ. ಗಾಯವನ್ನು ಮೊದಲು ಅವರು ನೋಡುತ್ತಾರೆ, ಆಮೇಲೆ ನಾನು ತೊಳೆಯುತ್ತೇನೆ. ಕನ್ನಡಿ ಮಾಡುವ ಸಿಸ್ಟರ್ ಈಗ ಸೋಮಾರಿಯಾಗಿದ್ದಾಳೆ ಎಂದು ಲೈನುಗಳಲ್ಲಿ ಮಾತು ಹುಟ್ಟಿದೆ. ಹುಟ್ಟಲಿ.

ಮುಂದಿನ ಕೊಯ್ಲಿನಲ್ಲಿ ಮಕ್ಕಳಿಗೆ ಲಸಿಕೆ ಹಾಕಲು ಅದೇ ಎಸ್ಟೇಟಿನ ಲೈನಿಗೆ ಹೋಗಿದ್ದೆ. ಕೆಲಸ ಮುಗಿದ ಮೇಲೆ ತೋಟದ ಕಡೆ ನಡೆದೆ. ಒಂದು ಸಿಲ್ವರ್ ಮರಕ್ಕೆ ಏಣಿ ಒರಗಿತ್ತು. ಅವನ ಹೆಂಡತಿ ಬುಡ ಹಿಡಿದು ನಿಂತಿದ್ದಳು. ಅವನು ಎಡಗಾಲನ್ನು ನೆಟ್ಟಗೆ, ಬಲಗಾಲನ್ನು ಸ್ವಲ್ಪ ಅಡ್ಡಡ್ಡ ಇಟ್ಟು ಹತ್ತುತ್ತಿದ್ದ. ಪಕ್ಕದ ಮರದಲ್ಲಿ ಇನ್ನೊಬ್ಬ ತುದಿಯ ಹತ್ತಿರ ಸರಸರ ಕೊಯ್ಯುತ್ತಿದ್ದ.

"ಹೋದ್ವಾರ ಹನ್ನೊಂದ್ ಮೆಟ್ಲಿಗೆ ನಿಂತಿದ್ದ ಸಿಸ್ಟ್ರೇ. ಇವತ್ತು ನೋಡಿ," ಎಂದಳು ಅವಳು. ಮೇಲೆ ನೋಡುತ್ತಾ ಒಂದೊಂದೇ ಮೆಟ್ಟಿಲು ಎಣಿಸಿದಳು. ಹನ್ನೆರಡು. ಹದಿಮೂರು. ಅಲ್ಲಿ ಅವನು ನಿಂತ, ಬಳ್ಳಿಯನ್ನು ಕೈಗೆ ಎಳೆದುಕೊಂಡು ಕೊಯ್ಯತೊಡಗಿದ.

ಅವನ ಕಾಲಿನ ಬಿಗಿತದಲ್ಲಿ ಆ ಬೂಟಿನ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ಮೇಡಂ ಕೂಡ ಹೇಳಲಾರರು. ನಾನೂ ಕೇಳಿಲ್ಲ. ಅವಳು ಅವನು ಹತ್ತಿದ ಮೆಟ್ಟಿಲುಗಳನ್ನು ಎಣಿಸಿ ಮುಗಿಸಿದ್ದಳು. ನಾನು ಅವನ ತಲೆಯ ಮೇಲೆ ಉಳಿದವನ್ನು ಎಣಿಸಿದೆ. ಒಂಬತ್ತಿದ್ದವು.